ಅಲ್ಲವ್ವನ ಚೌಡಿಕೆ

"ನಿನ್ನ ಮಗಳ ಮುರದಾಳ. ಬ್ಯಾರೆ ಯಾರೂ ಅಲ್ಲ."

ಹುಕ್ಕೇರಿಯ ಬಡಗಿ ಉದ್ದಪ್ಪ ಜೋಗತಿಯರ ಒಂಟಿ ತಂತಿಯ ವಾದ್ಯ ಚೌಡಿಕೆಯನ್ನು ಬೆಳಕಿಗೆ ಹಿಡಿದಿದ್ದ. ಅದರ ಕಟ್ಟಿಗೆಯ ಕೊಳವೆ ಉದ್ದಕ್ಕೂ ಸೀಳಿತ್ತು. ಸಾವಂತ್ರೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹುಡುಗಿ ಕೈಯಾಗ ಅಷ್ಟ ಕಸುವು ಎಲ್ಲೈತ್ರಿ?"

"ಹ್ವಾದ ವರ್ಷ ಚರ್ಮ ಹರೀತು. ದೀಪಾವಳಿಗೆ ತೋಳು ಮುರೀತು. ಈಗ ಹೊಟ್ಟಿನ ಸೀಳೈತಿ. ಇದು ಚೌಡಕಿನೋ, ಹಾಸಿಗಿ ಹಿಡದ ಮುದಿಕಿನೋ? ಮುತ್ತು ಕಟ್ಟಿಸ್ಕೊಳ್ಳಾಕ ಅಂಜಿ ಆಕೀನ ಮುರ್ಯಾಕತ್ತಾಳ, ಜೋಗವ್ವಾ. ಕೈ ಕಟ್ಟಿ ಕೂಡ್ರಸು."

ಅದು ೧೯೫೭. ಭಾರತ ಹುಣ್ಣಿಮೆ ಹತ್ತಿರ ಬಂದಿತ್ತು. ಅಂದು ತುಕ್ಕಾನಟ್ಟಿಯ ಮನೆಯಲ್ಲಿ ಸಾವಂತ್ರೆವ್ವನ ಮಗಳು ಗುಡ್ಡವ್ವನಿಗೆ ಮುತ್ತು ಕಟ್ಟಬೇಕು. ಆಮೇಲೆ ಆಕೆ ಎಲ್ಲಮ್ಮನವಳು, ಶಾಲೆಯಿಲ್ಲ, ಮದುವೆಯಿಲ್ಲ. ಇದನ್ನು ತಡೆಯುವ ಕಾಯದೆ ಎಂದೋ ಬಂದಿತ್ತು. ಅವರ ಓಣಿಯ ತನಕ ಬಂದಿರಲಿಲ್ಲ.

ಸಾವಂತ್ರೆವ್ವನ ತಾಯಿ ಭರಮವ್ವನದು ಒಂದೇ ಹಟ. ಮುತ್ತಜ್ಜಿ ಅಲ್ಲವ್ವ ಮಾಡಿಸಿದ ಚೌಡಿಕೆಯನ್ನೇ ಹುಡುಗಿಯ ಕೈಗೆ ಕೊಡಬೇಕು. ದುರಸ್ತಿಯಾದರೂ ಅಡ್ಡಿಯಿಲ್ಲ, ಅಲ್ಲವ್ವ ಮುಟ್ಟಿದ ಒಂದು ತುಂಡಾದರೂ ಅದರಲ್ಲಿ ಉಳಿದಿರಬೇಕು. ಇಲ್ಲದಿದ್ದರೆ ಅದು ಪೇಟೆಯ ಸಾಮಾನು. ಅದನ್ನು ಹಿಡಿಸಿ ಮುತ್ತು ಕಟ್ಟುವಂತಿಲ್ಲ.

"ಇದು ಜೋಡಸಾಕ ಬರಂಗಿಲ್ಲ," ಎಂದ ಉದ್ದಪ್ಪ. "ಹೊಸಾದ ಕೊರೀಬೇಕು."

"ಅಂದ್ರ ಹಳೇದು ಏನ ಉಳೀತ್ರಿ?" ಸಾವಂತ್ರೆವ್ವ ಕೇಳಿದಳು.

"ಬಿರಡಿ ಒಂದ." ತಂತಿ ಬಿಗಿಸುವ ಗಿಡ್ಡ ಗೂಟವನ್ನು ಆತ ತಿರುವಿ ತೋರಿಸಿದ. "ಅಲ್ಲವ್ವನ ಕೈ ತಾಕಿ ತಾಕಿ ಕರ್ರಗ ಆಗೈತಿ, ನೋಡು. ನಿನ್ನ ಮೊಮ್ಮಗಳ ಕಾಲಕ್ಕೂ ಇದಕ್ಕೇನೂ ಆಗಂಗಿಲ್ಲ."

ಸಾವಂತ್ರೆವ್ವ ಕುಸಿದು ಕುಳಿತಳು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

"ಇರ್ಲಿ ಬಿಡು." ಉದ್ದಪ್ಪ ಮೆತ್ತಗಾದ. "ಹರಕಿ ಉಳೀತಲ್ಲ."

ಹೊಸ ಕೊಳವೆ ಕೂರಿಸಿದ ಚೌಡಿಕೆ ಮನೆಗೆ ಬಂತು. ಸಾವಂತ್ರೆವ್ವ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ತಲೆಯ ಬಳಿಯೇ ಇಟ್ಟುಕೊಂಡು ಮಲಗಿದಳು.

ಹುಣ್ಣಿಮೆಯ ಬೆಳಗ್ಗೆ ಭರಮವ್ವ ಭಂಡಾರ ಹಚ್ಚಲು ಚೌಡಿಕೆ ಎತ್ತಿದಳು. ತಂತಿ ಜೋತುಬಿತ್ತು. ಬಿರಡೆಯ ಜಾಗದಲ್ಲಿ ಬರೀ ತೂತು.

ಹಿತ್ತಿಲು ಹುಡುಕಿದರು, ತಿಪ್ಪೆ ಕೆದರಿದರು. ಸಿಗಲಿಲ್ಲ.

"ಮನಿಮುರಕಿ, ಎಲ್ಲಿ ಒಗದಿ?" ಭರಮವ್ವ ಮೊಮ್ಮಗಳ ಜಡೆ ಹಿಡಿದು ಜಗ್ಗಿದಳು. ಹಸಿರು ಸೀರೆ ಉಟ್ಟಿದ್ದ ಗುಡ್ಡವ್ವ ಎರಡೂ ಕೈಯಿಂದ ಜಡೆಯ ಬುಡ ಹಿಡಿದುಕೊಂಡಳು. ಮುದುಕಿಯ ಕೈ ತಾನಾಗಿಯೇ ಸಡಿಲಾಯಿತು. ಕಟ್ಟಲು ತಂದಿದ್ದ ಮುತ್ತನ್ನು ಉಡಿಗೆ ಹಾಕಿಕೊಂಡಳು.

"ಅಲ್ಲವ್ವ ಇಲ್ಲದ ಚೌಡಕಿ ಹಿಡಿಸಿ ನಾ ಹೆಂಗ ಕಟ್ಟಲಿ? ತಾಯಿ ನಮ್ಮನ್ನ ಒಲ್ಲೆ ಅಂದ್ಲು."

ಬಂದವರು ಒಬ್ಬೊಬ್ಬರಾಗಿ ಎದ್ದು ಹೋದರು. ಭರಮವ್ವ ಗೋಳಾಡುತ್ತ ಅವರ ಹಿಂದೆ ನಡೆದಳು. ಸಾವಂತ್ರೆವ್ವ ಬಾಗಿಲು ಹಾಕಿದಳು.

"ಎಲ್ಲಮ್ಮನಾಣಿ, ಯವ್ವಾ," ಗುಡ್ಡವ್ವ ಬಿಕ್ಕಿದಳು, "ಒಂದೂ ನಾ ಮುರದಿಲ್ಲ."

"ಗೊತ್ತೈತಿ, ನನ್ನ ಕೂಸ. ಎಲ್ಲಾ ನಾನ ಮುರದೇನಿ. ಸೀರಿ ಬಿಚ್ಚಿ ಲಂಗ ಹಾಕ್ಕೋ, ಸಾಲಿಗೆ ಹೊತ್ತಾಕ್ಕೈತಿ."