ಮೆಟ್ಟಿಲ ಮೇಲಿನ ಬಕೆಟ್

ಹಿಂದಿನ ಓಣಿಯಲ್ಲಿ ನಿಂತು, ಗೋಡೆಯ ಸಂದಿಗೆ ಕಣ್ಣು ಹಚ್ಚಿ, ವರ್ಲಿನ್ ತನ್ನ ಹಿತ್ತಲನ್ನೇ ಕಳ್ಳನಂತೆ ಇಣುಕುತ್ತಿದ್ದ. ಹೃದಯದ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೊರಟವನು ತಿರುವಿನಲ್ಲೇ ಕಾರು ನಿಲ್ಲಿಸಿ ನಡೆದು ಬಂದಿದ್ದ. ಬೆಳಗಿನ ಒಂಬತ್ತಕ್ಕೇ ಮರುಭೂಮಿಯ ಊರು ಮೇಸಾದ ಬಿಸಿಲು ನೆತ್ತಿ ಸುಡುತ್ತಿತ್ತು. ಒಳಗೆ ಅವನ ಹೆಂಡತಿ ನಡೀನ್ ಹಸಿರು ರಬ್ಬರ್ ಪೈಪನ್ನು ಈಜುಕೊಳದವರೆಗೆ ಎಳೆದು ತಂದಳು. ಸುತ್ತಮುತ್ತ ನೋಡಿದಳು. ಒಂದು ತುದಿಯನ್ನು ಸದ್ದಾಗದಂತೆ ನೀರಿಗೆ ಇಳಿಬಿಟ್ಟಳು. ಇನ್ನೊಂದು ತುದಿ ಮನೆಯ ಮೂಲೆಯಾಚೆ ಮರೆಯಾಗಿತ್ತು.

ಆ ಕಡೆ ನೆಲ ರಸ್ತೆಗೆ ಇಳಿಜಾರು. ಪೈಪಲ್ಲಿ ನೀರು ತುಂಬಿ ಇಳಿಬಿಟ್ಟರೆ ಸಾಕು, ಕೊಳದ ನೀರು ತಾನಾಗಿ ಹರಿದು ಚರಂಡಿ ಸೇರುತ್ತದೆ. ವರ್ಲಿನ್‌ ಗೋಡೆಗೆ ಇನ್ನಷ್ಟು ಒತ್ತಿಕೊಂಡ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಬೆನ್ನಿಗೆ ಚೂರಿ ಹಾಕುತ್ತಿದ್ದಾಳೆ.

ಕೊಳ ಸೋರಲು ಶುರುವಾಗಿ ತಿಂಗಳಾಗಿತ್ತು. ರಿಪೇರಿಯವರನ್ನು ಕರೆಸೋಣವೆಂದರೆ ವರ್ಲಿನ್ ಒಪ್ಪಲಿಲ್ಲ. ಆ ಬೀದಿಯ ಅರ್ಧ ಜನಕ್ಕೆ ಈಜು ಕಲಿಸಿದ ಮೇಷ್ಟ್ರು ಅವನು. ತನ್ನ ಕೊಳದ ತೂತು ತನಗೇ ಸಿಗದಿದ್ದರೆ ಮುಖ ಎಲ್ಲಿಡುವುದು? ಪಂಪು ನಿಲ್ಲಿಸಿ, ನೀರೊಳಗೆ ಮುಳುಗಿ, ಗೋಡೆಯ ಬಿರುಕುಗಳ ಬಳಿ ಅಡುಗೆಯ ಕೆಂಪು ಬಣ್ಣ ಬಿಟ್ಟು ನೋಡಿದ. ನೀರೊಳಗಿನ ದೀಪದ ಗೂಡಿನ ಹತ್ತಿರ ಬಣ್ಣ ದಾರದಂತೆ ಒಳಗೆ ಎಳೆದುಕೊಂಡು ಹೋಯಿತು. ಅಲ್ಲಿ ಬಿರುಕು ಮುಚ್ಚುವ ಪುಟ್ಟಿ ಮೆತ್ತಿದ. ಆದರೂ ಇಳಿಯಿತು. ಮತ್ತೆ ಮುಳುಗಿದ, ಮತ್ತೆ ಮೆತ್ತಿದ. ಎದೆ ಕೊಯ್ದು ಹೊಲಿದು ಇನ್ನೂ ಮೂರು ತಿಂಗಳಾಗಿರಲಿಲ್ಲ.

ಬುಧವಾರ ಅವನು ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ನಡೀನ್ ಒಳಗೆ ಹೋಗಿ ಒರ್ಟೇಗನಿಗೆ ಫೋನು ಮಾಡಿದಳು. ಹಳೇ ಕೊಳಗಳಿಗೆ ಮಣ್ಣು ತುಂಬಿ ಮುಚ್ಚುವುದು ಒರ್ಟೇಗನ ಕಸುಬು.

"ಶುಕ್ರವಾರ ಮಧ್ಯಾಹ್ನ ಬರ್ತಾನೆ," ಎಂದಳು. "ಅಷ್ಟರಲ್ಲಿ ಸೋರೋದು ನಿಂತ್ರೆ ನಾನು ಇನ್ನು ಬಾಯಿ ಬಿಡಲ್ಲ. ನಿಲ್ಲದಿದ್ರೆ ಮಣ್ಣು ಬೀಳುತ್ತೆ. ಎರಡರಲ್ಲಿ ಏನೇ ಆಗ್ಲಿ, ನೀನು ಮಾತ್ರ ಇನ್ನು ಮುಳುಗೋ ಹಾಗಿಲ್ಲ."

"ಅದನ್ನ ಮುಚ್ಚೋದಾದ್ರೆ ನನ್ನನ್ನೂ ಅದರೊಳಗೇ ಹಾಕಿ ಮುಚ್ಚಿಬಿಡು," ಎಂದ ವರ್ಲಿನ್.

ತೀರ್ಪು ಬಕೆಟ್ಟಿನದು ಎಂದಾಯಿತು. ಆ ಊರಲ್ಲಿ ಕೊಳವಿರುವ ಮನೆಯವರಿಗೆಲ್ಲ ಗೊತ್ತಿರುವ ಪರೀಕ್ಷೆ. ಗುರುವಾರ ಮಧ್ಯಾಹ್ನ ಬಕೆಟ್ಟಿಗೆ ಕೊಳದ ನೀರು ತುಂಬಿ, ಒಳಗೊಂದು ಕಲ್ಲಿಟ್ಟು, ನೀರಲ್ಲಿದ್ದ ಮೆಟ್ಟಿಲ ಮೇಲೆ ಕೂರಿಸಿದ. ನೀರಿನ ಮಟ್ಟದ ಗುರುತಿಗೆ ಒಳಗೊಂದು ಟೇಪು ಅಂಟಿಸಿದ, ಬಕೆಟ್ಟಿನ ನೀರಿಗೆ. ಹೊರಗೊಂದು, ಕೊಳದ ನೀರಿಗೆ. ಬಿಸಿಲು ಎರಡನ್ನೂ ಒಂದೇ ಸಮ ಕುಡಿಯುತ್ತದೆ. ಮರುದಿನ ಕೊಳ ಬಕೆಟ್ಟಿಗಿಂತ ಹೆಚ್ಚು ಇಳಿದಿದ್ದರೆ, ಆ ಹೆಚ್ಚಿನದೆಲ್ಲ ಸೋರಿದ್ದು.

ಇದನ್ನೆಲ್ಲ ಅವನು ತಿಂಗಳಿಂದ ಹೇಳುತ್ತಿದ್ದರೂ ನಡೀನ್ ಕಿವಿಗೆ ಹಾಕಿಕೊಂಡವಳಲ್ಲ. ಗುರುವಾರ ಮಾತ್ರ ಬಂದು ಬಗ್ಗಿ ನೋಡಿದಳು.

"ಹೊರಗಿನ ಟೇಪು ತಾನೆ ಕೊಳದ್ದು?"

"ಹೂಂ."

"ನೀರು ಅದಕ್ಕಿಂತ ಕೆಳಗೆ ಹೋದ್ರೆ ನೀನು ಸೋತ ಹಾಗೆ?"

"ಬಕೆಟ್ಟಿಗಿಂತ ಜಾಸ್ತಿ ಹೋದ್ರೆ," ಎಂದ. ಅವಳು ಆಗಲೇ ಎದ್ದು ಹೋಗಿದ್ದಳು. ರಾತ್ರಿ ಊಟದ ಹೊತ್ತಿಗೆ ಅದನ್ನೇ ಮತ್ತೆ ಕೇಳಿದಳು. ಆಗಲೇ ವರ್ಲಿನ್‌ನ ತಲೆಗೆ ಹುಳ ಹೊಕ್ಕಿತ್ತು. ನಿದ್ದೆ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ತನ್ನನ್ನು ಆಸ್ಪತ್ರೆಗೆ ಹೊರಡಿಸಲು ಅವಳು ಅವಸರ ಮಾಡಿದ ರೀತಿ ನೋಡಿ ಅನುಮಾನ ಗಟ್ಟಿಯಾಯಿತು.

ಪೈಪು ಕಂಡ ಮೇಲೆ ಆಸ್ಪತ್ರೆಗೆ ಅವನು ಹೋಗಲೇ ಇಲ್ಲ. ಕಾರಿನಲ್ಲಿ ಕೂತ, ಇಳಿದ, ಮತ್ತೆ ಕೂತ. ಆಡಬೇಕಾದ ಮಾತನ್ನು ಹತ್ತು ಸಲ ತಾಲೀಮು ಮಾಡಿದ.

ಹನ್ನೆರಡಕ್ಕೆ ಸರಿಯಾಗಿ ಒರ್ಟೇಗನ ಮಣ್ಣಿನ ಲಾರಿ ಗೇಟಿನ ಮುಂದೆ ನಿಂತಿತು. ಒರ್ಟೇಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎಂಟು ವರ್ಷದವನಿದ್ದಾಗ ಇದೇ ಕೊಳದಲ್ಲಿ ಅವನು ಈಜು ಕಲಿತಿದ್ದ.

"ನನಗೂ ಇದು ಇಷ್ಟವಿಲ್ಲ ಮೇಷ್ಟ್ರೇ."

"ಇರು," ಎಂದ ವರ್ಲಿನ್. "ಅಳೆಯೋಕ್ಕೆ ಮುಂಚೆ ಒಂದು ಮಾತಿದೆ. ನಡೀನ್, ಬೆಳಿಗ್ಗೆ ಪೈಪು ಯಾಕೆ ತೆಗೆದಿದ್ದೆ?"

ಅವಳ ಮುಖ ಬಿಳಿಚಿತು. "ಗಿಡಕ್ಕೆ ನೀರು ಹಾಕ್ದೆ."

"ಇಲ್ಲಿರೋದೆಲ್ಲ ಕಳ್ಳಿ. ಅದಕ್ಕೆ ನೀರು ಹಾಕಿದ್ದನ್ನ ನಾನಂತೂ ನೋಡಿಲ್ಲ. ಗೋಡೆ ಹಿಂದೆ ನಿಂತು ನೋಡ್ತಿದ್ದೆ ಕಣೇ. ಗೆಲ್ಲೋಕ್ಕೆ ಇಂಥ ಮೋಸ ಬೇಕಿತ್ತಾ ನಿನಗೆ?"

ಒರ್ಟೇಗ ನೆಲ ನೋಡಿದ. ನಡೀನಳ ಕಣ್ಣು ತುಂಬಿ ಬಂದಿತ್ತು. "ಅಳೆದುಬಿಡು ಒರ್ಟೇಗ," ಎಂದಳು.

ಒರ್ಟೇಗ ಮೊಣಕಾಲೂರಿ ಬಕೆಟ್ಟಿನ ಹೊರಗಿನ ಟೇಪು ನೋಡಿದ. ಮತ್ತೊಮ್ಮೆ ನೋಡಿದ. ಅವನ ಮುಖ ಅರಳಿತು.

"ಸರಿಯಾಗಿ ಟೇಪಿನ ಮಟ್ಟಕ್ಕೇ ಇದೆ ಮೇಷ್ಟ್ರೇ. ಕೂದಲೆಳೆಯಷ್ಟೂ ಇಳಿದಿಲ್ಲ. ನಿಮ್ಮ ಪುಟ್ಟಿ ನಿಂತಿತು. ನಾನು ಲಾರಿ ತಿರುಗಿಸ್ತೀನಿ."

"ಗೆದ್ದೆಯಲ್ಲ," ಎಂದಳು ನಡೀನ್, ಅವನತ್ತ ನೋಡದೆ. "ಇನ್ನು ಮುಳುಗಬೇಡ."

ವರ್ಲಿನ್ ಮೆಟ್ಟಿಲ ಬಳಿ ಕೂತು ಬಕೆಟ್ಟಿನೊಳಗೆ ಇಣುಕಿದ. ಅಲ್ಲಿ ನೀರು ಒಂದು ಬೆರಳು ಇಳಿದಿತ್ತು. ಒಂದು ಬೆರಳನ್ನು ಬಿಸಿಲು ಕುಡಿದಿತ್ತು, ಸರಿ. ಕೊಳದಿಂದಲೂ ಅದು ಅಷ್ಟನ್ನಾದರೂ ಕುಡಿದಿರಲೇಬೇಕು.

ಪೈಪಿನ ಆ ಇನ್ನೊಂದು ತುದಿ ಇದ್ದದ್ದು ಚರಂಡಿಯಲ್ಲಲ್ಲ, ನಲ್ಲಿಯಲ್ಲಿ.