ಮಾಳಿಗೆಯ ಮೇಲಿನ ಆಂಟೆನಾ ಕಂಬ

ಬಿಸಿಲಿಗೆ ಕಾದ ಕಪ್ಪು ಟೇಪಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನಾನು ಶಹಾಪುರದ ನಮ್ಮ ಮಾಳಿಗೆಯ ಮೇಲೆ ನಿಂತಿರುತ್ತೇನೆ.

ಹವ್ಯಾಸಿ ರೇಡಿಯೋ ಲೈಸೆನ್ಸ್ ಪಡೆದಿದ್ದ ನನ್ನ ಸೋದರತ್ತೆ ದೂರದೂರಿನ ಹವ್ಯಾಸಿಗಳೊಡನೆ ಮಾತಾಡಲು ಅಲ್ಲಿ ತಿರುಗುವ ಆಂಟೆನಾ ಕಂಬ ನಿಲ್ಲಿಸಿದ್ದಳು. ಆಂಟೆನಾದಿಂದ ರೇಡಿಯೋಗೆ ಬಿಗಿಯಾಗಿ ಕಟ್ಟಿದ್ದ ಕೇಬಲ್ಲು ಕಂಬ ತಿರುಗಿದಾಗ ಹರಿದುಹೋಗಿತ್ತು. “ಇನ್ನೊಮ್ಮೆ ಹರದ್ರ ಕಂಬ ಇಳಸ್ತೀನಿ. ಓಣ್ಯಾಗ ಮಂದಿ ನಗಾಕತ್ತಾರ,” ಎಂದು ಅವಳ ಅಣ್ಣ, ನಮ್ಮ ದೊಡ್ಡಪ್ಪ, ಅಂಗಳದಿಂದಲೇ ಕೂಗಿದರು.

“ಎಮ್ಮಿ ಗೂಟದ ಸುತ್ತ ತಿರುಗಿ ಹಗ್ಗ ಗಿಡ್ಡ ಮಾಡ್ಕೋತದಲ್ಲ, ಹಂಗ ಆಗ್ಯಾದ ಇದು,” ಎಂದು ಅತ್ತೆ ನನಗೆ ಹೇಳುತ್ತ, ಕಂಬದ ಸುತ್ತ ಹೊಸ ಕೇಬಲ್ಲಿನ ದೊಡ್ಡ ಸಡಿಲ ಸುರುಳಿ ಬಿಟ್ಟು ತುದಿಗಳಿಗೆ ಟೇಪು ಸುತ್ತಿದಳು. ಆಮೇಲೆ ಕಂಬವನ್ನು ಪೂರ್ತಿ ಒಂದು ಸುತ್ತು ತಿರುಗಿಸಿದಳು. ಸುರುಳಿ ಮೆಲ್ಲಗೆ ಬಿಗಿಯಾಯಿತು, ಹರಿಯಲಿಲ್ಲ. ವಾಪಸ್ ತಿರುಗಿಸಿದಾಗ ಮತ್ತೆ ಸಡಿಲವಾಯಿತು.

“ಸಾಕು, ಇಳಿ. ಉಣ್ಣಾಕ ನೀಡೋರು ಯಾರು?” ದೊಡ್ಡಪ್ಪ ಕೇಳಿದರು.

ಅತ್ತೆ ಮಾಳಿಗೆಯ ಮೇಲೇ ಇಟ್ಟಿದ್ದ ರೇಡಿಯೋ ಹಚ್ಚಿ ಹೆಡ್‌ಫೋನು ಕಿವಿಗೇರಿಸಿದಳು. “ರೊಟ್ಟಿ ಬುಟ್ಟ್ಯಾಗ ಅದಾವ ಅಣ್ಣಾ. ನೀಡ್ಕೊಂಡು ಉಣ್ರಿ.”

ಆಮೇಲೆ ಕೆಳಗೆ ಅಡುಗೆಮನೆಯಲ್ಲಿ ದೊಡ್ಡಪ್ಪ ತಾಟು ಹುಡುಕುವುದು ಕೇಳಿಸಿತು.