ಸೊಸೆ ಕಟ್ಟಿದ ಹಗ್ಗ

ಹತ್ತನೇ ಮಹಡಿಯ ಮಗನ ಮನೆ ಬಾಗಿಲಿಗೆ ಅಡ್ಡಲಾಗಿ ಕಟ್ಟಿದ್ದ ಹುಲ್ಲಿನ ಹಗ್ಗದ ಮುಂದೆ ಮಾಲ್ಸುಕ್ ಗಕ್ಕನೆ ನಿಂತಳು. ಹೆಣ್ಣುಮಗು ಹುಟ್ಟಿದೆ, ಇಪ್ಪತ್ತೊಂದು ದಿನ ಹೊರಗಿನವರು ಬರಕೂಡದು ಎಂದು ಸಾರುವ ಇದ್ದಿಲ ಚೂರುಗಳು ಅದರಲ್ಲಿ ತೂಗುತ್ತಿದ್ದವು. ಹಗ್ಗ ಕಟ್ಟು, ಕಟ್ಟು ಎಂದು ವಾರವಿಡೀ ಫೋನಿನಲ್ಲಿ ಸೊಸೆಯ ತಲೆ ತಿಂದವಳು ಅವಳೇ.

“ನನಗೂ ಅಡ್ಡ ಕಟ್ಟೋದಾ? ನಾನು ಮನೆಯವಳು ಕಣೇ!”

ಬಾಗಿಲ ಸಂದಿಯಲ್ಲಿ ಮಾಸ್ಕ್ ಹಾಕಿದ ಸೊಸೆ ಸೊಹಿ ಕಂಡಳು. “ನೀವು ಮನೆಯವರೇ ಅತ್ತೆ. ನಿಮ್ಮ ಜೊತೆ ಬಂದಿದ್ದಾಳಲ್ಲ, ಅವಳು ಹೊರಗಿನವಳು.”

“ಯಾವಳೇ ಅವಳು?”

“ಬೋರ್ಡೆಟೆಲ್ಲಾ. ನಾಯಿಕೆಮ್ಮಿನ ಬ್ಯಾಕ್ಟೀರಿಯಾ. ಡಾಕ್ಟರು ನಿನ್ನೇನೇ ಹೇಳಿದ್ರಲ್ಲ?”

“ನಾನು ಯಾವ ಟೆಲ್ಲಾನೂ ಕರ್ಕೊಂಡು ಬಂದಿಲ್ಲ. ಅರವತ್ತು ವರ್ಷ ಖಾರದ ಕಿಮ್ಚಿ ತಿಂದ ಗಂಟಲಿದು, ಯಾವ ಹುಳ ಬದುಕುತ್ತೆ ಇದರಲ್ಲಿ…” ಮಾತು ಮುಗಿಯುವ ಮೊದಲೇ ಕೆಮ್ಮು ನುಗ್ಗಿತು. ಹತ್ತು, ಹದಿನೈದು; ಕೊನೆಗೆ ಹುಂಜ ಕೂಗಿದಂತೆ ಉಸಿರೆಳೆದು ಗೋಡೆ ಹಿಡಿದಳು.

“ಕೇಳಿಸ್ತಲ್ಲ? ಅವಳೇ,” ಎಂದಳು ಸೊಹಿ. “ಮಾತ್ರೆ ಐದು ದಿನ ನುಂಗಿ ಬನ್ನಿ. ಎರಡು ವಾರದ ಕೂಸಿಗೆ ಇದು ಅಂಟಿದ್ರೆ ಉಸಿರೇ ನಿಂತುಹೋಗಬಹುದು ಅತ್ತೆ.”

ಊರಿನಲ್ಲಿ ಇಂಥ ಹಗ್ಗ ದಾಟಿದವರ ಮಾನ ಹರಾಜು ಹಾಕಿದ ಹೆಂಗಸು ಮಾಲ್ಸುಕ್. ಕಣ್ಣಿಗೆ ಕಾಣದ ಹುಳಕ್ಕೆ ಅವಳು ಸೊಪ್ಪು ಹಾಕುವವಳಲ್ಲ; ಹಗ್ಗಕ್ಕೆ ಮಾತ್ರ ಹೆದರುತ್ತಾಳೆ. ಎತ್ತಿದ ಕಾಲು ಹಾಗೇ ಇಳಿಯಿತು.

ಅಷ್ಟರಲ್ಲಿ ಕಾರು ನಿಲ್ಲಿಸಿ ಮಗ ಇಂಗ್ಯು ಬಂದ. ಹೆಂಡತಿ, ಮಗು ಬಾಣಂತಿ ಆರೈಕೆ ಕೇಂದ್ರದಲ್ಲಿದ್ದ ಎರಡು ವಾರವೂ ಅಮ್ಮನ ಮನೆಯಲ್ಲಿ, ಅಮ್ಮನ ಚಮಚ ಮುಳುಗಿದ ಸಾರಿನ ಪಾತ್ರೆಗೇ ತನ್ನ ಚಮಚವನ್ನೂ ಅದ್ದಿ ಉಂಡವನು. “ಅಮ್ಮಾ, ನೀನು ಇಲ್ಲೇ ಇರು. ನಾನು ಮಗುವಿನ ಅಪ್ಪ, ನನ್ನನ್ನ ಯಾರು ತಡೀತಾರೆ?” ಎಂದು ಹಗ್ಗ ಎತ್ತಿ ತಲೆ ತಗ್ಗಿಸಿದ. ಖೊಕ್ ಖೊಕ್ ಎಂದು ಕೆಮ್ಮಿದ.

ಮಾಲ್ಸುಕ್ ಅವನ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದಳು. “ದಾಟಿದ್ರೆ ಕಾಲು ಮುರೀತೀನಿ!”

“ಬರೀ ಕೆಮ್ಮಮ್ಮಾ!”

“ಬರೀ ಕೆಮ್ಮಂತೆ! ಆ ಟೆಲ್ಲಾ ಕಣೋ! ಕೂಸಿನ ಉಸಿರೇ ನಿಲ್ಲಿಸ್ತಾಳೆ!”

ಸೊಹಿಗೆ ನಗು ತಡೆಯಲಾಗಲಿಲ್ಲ. ಪಾಪ ಎಂದೂ ಅನ್ನಿಸಿತು. ಬಾಗಿಲು ಪೂರ್ತಿ ತೆರೆದು, ಹಜಾರದ ಆ ತುದಿಗೆ ಹೋಗಿ, ಅಲ್ಲಿಂದಲೇ ಕೂಸಿನ ಮುಖ ಈ ಕಡೆ ತಿರುಗಿಸಿ ಹಿಡಿದಳು.

ಮಾಲ್ಸುಕ್ ಒಂದು ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು, ಇನ್ನೊಂದರಿಂದ ಮಗನ ಬಾಯಿ ಒತ್ತಿ ಹಿಡಿದಳು. ಮೊಮ್ಮಗಳು ದೊಡ್ಡದಾಗಿ ಆಕಳಿಸಿದಳು. ಎಷ್ಟು ಚೆಂದ ಇದ್ದಾಳೆ ಎನ್ನಲು ಹಗ್ಗದ ಈಚೆ ಒಂದು ಬಾಯಿಯೂ ಖಾಲಿ ಇರಲಿಲ್ಲ.